ಕಣದ ಬಳಿ ವೆಲ್ಡಿಂಗ್: ಬಣವೆಗೆ ಬೆಂಕಿ ತಗುಲದಂತೆ ಎಚ್ಚರಿಕೆ

ಸುಗ್ಗಿಯ ಕಾಲದಲ್ಲಿ ಒಕ್ಕಣೆ ಯಂತ್ರ, ಟ್ರೇಲರ್ ಮೊದಲಾದವು ಕೆಡುವುದು ಸಾಮಾನ್ಯ. ಕೆಲಸ ನಿಲ್ಲಬಾರದೆಂಬ ಅವಸರದಲ್ಲಿ ವೆಲ್ಡಿಂಗ್ ಮಾಡುವವರನ್ನು ಕಣಕ್ಕೇ ಕರೆಸುವುದುಂಟು. ಆ ವೇಳೆಗೆ ಕಣದ ಸುತ್ತ ಒಣಗಿದ ಹುಲ್ಲು, ಸಪ್ಪೆ, ಹೊಟ್ಟು ಹರಡಿರುತ್ತವೆ. ಒಂದೇ ಕಿಡಿಯಿಂದ ದನಕರುಗಳ ಇಡೀ ವರ್ಷದ ಮೇವು ಬೂದಿಯಾಗಬಹುದು.

ಕಿಡಿಯ ಸ್ವಭಾವ

ವೆಲ್ಡಿಂಗ್ ಅಥವಾ ಗ್ಯಾಸ್ ಕಟಿಂಗ್ ಮಾಡುವಾಗ ಸಿಡಿಯುವ ಕಿಡಿಗಳು ಕರಗಿದ ಉಕ್ಕಿನ ಹನಿಗಳು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಣಹುಲ್ಲು ಹೊತ್ತಿಕೊಳ್ಳಲು ಅದರ ಐದರಲ್ಲೊಂದು ಪಾಲು ಸಾಕು. ಈ ಹನಿಗಳು ಪುಟಿದು, ಉರುಳಿ ಸುಮಾರು 35 ಅಡಿ ದೂರ ಹೋಗಬಲ್ಲವು. ಗಾಳಿಯಿದ್ದರೆ ಅಥವಾ ಎತ್ತರದಲ್ಲಿ ಕೆಲಸ ನಡೆದರೆ ಇನ್ನೂ ದೂರ ಹೋಗುತ್ತವೆ. ಗ್ರೈಂಡರ್‌ನ ಕಿಡಿಯೂ ಅಪಾಯಕಾರಿಯೇ.

ಹುಲ್ಲಿನೊಳಗೆ ಸೇರಿದ ಕಿಡಿ ಕೂಡಲೇ ಉರಿಯಬೇಕೆಂದಿಲ್ಲ. ಒಳಗೆ ಗಾಳಿ ಕಡಿಮೆಯಿರುವುದರಿಂದ ಅದು ಕಾಣದಂತೆ ಕನಲುತ್ತಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಗಾಳಿ ತಗುಲಿ ಭುಗಿಲೇಳಬಹುದು. ಆದ್ದರಿಂದ ಕೆಲಸ ಮುಗಿದ ನಂತರದ ಕಾವಲು ಬಹು ಮುಖ್ಯ.

ಕೆಲಸಕ್ಕೆ ಮೊದಲು

1. ಮುರಿದ ಭಾಗವನ್ನು ಬಿಚ್ಚಲು ಸಾಧ್ಯವಿದ್ದರೆ ವರ್ಕ್‌ಶಾಪಿಗೇ ಒಯ್ಯಬೇಕು.

2. ಇಲ್ಲವಾದರೆ ಯಂತ್ರವನ್ನು ಬಣವೆಯಿಂದ ಕನಿಷ್ಠ 35 ಅಡಿ ದೂರಕ್ಕೆ, ಗಾಳಿ ಬಣವೆಯ ಕಡೆಗೆ ಬೀಸದ ಜಾಗಕ್ಕೆ ಎಳೆದು ನಿಲ್ಲಿಸಬೇಕು. ನೆಲ ಗುಡಿಸಿ ಸುತ್ತಲೂ ನೀರು ಚಿಮುಕಿಸಬೇಕು. ಆದರೆ ವೆಲ್ಡಿಂಗ್ ಮಾಡುವವರು ನಿಲ್ಲುವ ಜಾಗ ಒಣಗಿರಬೇಕು. ಇಲ್ಲವಾದರೆ ವಿದ್ಯುತ್ ಆಘಾತವಾದೀತು.

3. ಯಂತ್ರದೊಳಗಿನ ಹೊಟ್ಟು, ಧೂಳು, ಗ್ರೀಸ್ ತೆಗೆಯಬೇಕು. ಟ್ರ್ಯಾಕ್ಟರ್ ಆದರೆ ಬ್ಯಾಟರಿಯ ತಂತಿ ಬಿಚ್ಚಬೇಕು.

4. ಬಕೆಟ್ಟುಗಳಲ್ಲಿ ನೀರು, ಮರಳು ಮತ್ತು ಒದ್ದೆ ಗೋಣಿಚೀಲಗಳನ್ನು ಕೈಗೆಟುಕುವಂತೆ ಇಡಬೇಕು. ವೆಲ್ಡಿಂಗ್ ಮಾಡುವವರ ಮುಖಕ್ಕೆ ಕಪ್ಪು ಗಾಜು ಅಡ್ಡವಿರುವುದರಿಂದ ಕಿಡಿ ಎಲ್ಲಿ ಬಿದ್ದಿತೆಂದು ಅವರಿಗೆ ಕಾಣದು. ಕಿಡಿ ನೋಡುವುದಕ್ಕೆಂದೇ ಮತ್ತೊಬ್ಬರು ಇರಬೇಕು.

ಖಾಲಿ ಡ್ರಮ್ಮಿನ ಅಪಾಯ

ಡೀಸೆಲ್ ಅಥವಾ ಪೆಟ್ರೋಲ್ ತುಂಬಿದ್ದ ಡ್ರಮ್ಮನ್ನು ಖಾಲಿಯೆಂದು ತಿಳಿದು ಕತ್ತರಿಸಬಾರದು. ತಳದಲ್ಲಿ ಉಳಿದ ಎಣ್ಣೆ ಬಿಸಿಗೆ ಆವಿಯಾಗಿ, ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ಬಾಯಿ ತೆರೆದಿಟ್ಟ ಮಾತ್ರಕ್ಕೆ ಈ ಅಪಾಯ ತಪ್ಪದು.

ಕೆಲಸ ಮುಗಿದ ಮೇಲೆ

ಕನಿಷ್ಠ ಒಂದು ಗಂಟೆ ಕಾಲ ಒಬ್ಬರು ಅಲ್ಲೇ ಕಾವಲಿರಬೇಕು. ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ಹೋಗಿ, ಸುಟ್ಟ ವಾಸನೆ ಅಥವಾ ಹೊಗೆ ಇದೆಯೇ ಎಂದು ನೋಡಬೇಕು. ಬಣವೆ ಹೊಗೆಯಾಡುತ್ತಿದ್ದರೆ ನೀರು ಸಿದ್ಧವಿಲ್ಲದೆ ಕೆದಕಬಾರದು. ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಮೊದಲು ದನಗಳ ಹಗ್ಗ ಬಿಚ್ಚಿ ದೂರ ಅಟ್ಟಿ, 101 ಅಥವಾ 112ಕ್ಕೆ ಫೋನ್ ಮಾಡಬೇಕು. ಡೀಸೆಲ್ಲಿಗೆ ಹತ್ತಿದ ಬೆಂಕಿಗೆ ನೀರಲ್ಲ, ಮರಳು ಹಾಕಬೇಕು. ವಿದ್ಯುತ್ ಇರುವಲ್ಲಿ ಮೊದಲು ಮೇನ್ ಸ್ವಿಚ್ ಆರಿಸಬೇಕು.

ರಿಪೇರಿ ಒಂದು ಗಂಟೆ ತಡವಾದರೆ ಒಕ್ಕಣೆ ನಾಳೆ ಮುಗಿದೀತು. ಸುಟ್ಟ ಮೇವು ಮಾತ್ರ ಮುಂದಿನ ಸುಗ್ಗಿಯವರೆಗೆ ಸಿಗದು.