ಜೌಗುನೆಲದ ಇಂಗಾಲ: ನೀಲಗಿರಿಯ ಸಾಕ್ಷ್ಯ

ಗ್ರೇಟರ್ ನೋಯ್ಡಾದ ಸೂರಜ್‌ಪುರದ ಜೌಗುಪ್ರದೇಶಕ್ಕೆ ಚಳಿಗಾಲದಲ್ಲಿ ವಲಸೆಹಕ್ಕಿಗಳು ಬರುವುದು ಅಲ್ಲಿನ ಕನ್ನಡಿಗರಿಗೆ ವಿದಿತವಾದ ಸಂಗತಿಯೇ. ಆದರೆ ಜೌಗುಗಳೆಲ್ಲ ಒಂದೇ ಬಗೆಯವಲ್ಲ. ಯಮುನೆಯ ಬಯಲಿನಲ್ಲಿ ಬೇಸಗೆಗೆ ನೀರು ಹಿಂಜರಿದೊಡನೆ ಅಂಚಿನ ಸಸ್ಯರಾಶಿ ಬೇಗನೆ ಕೊಳೆತು, ಅದರ ಇಂಗಾಲವು ಬಹುಮಟ್ಟಿಗೆ ವಾಯುವಿಗೆ ಮರಳುತ್ತದೆ. ವರ್ಷವೆಲ್ಲ ನೀರು ನಿಂತ ತಂಪುನೆಲದಲ್ಲಾದರೋ ಆಮ್ಲಜನಕದ ಅಭಾವದಿಂದ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಶೇಖರಗೊಳ್ಳುತ್ತವೆ. ಹೀಗಾದ ಕಪ್ಪು ಮಣ್ಣೇ ಪೀಟ್. ಭೂಮಿಯ ನೆಲದಲ್ಲಿ ಇದರ ಪಾಲು ನೂರಕ್ಕೆ ಸುಮಾರು 3. ಆದರೂ ಜಗತ್ತಿನ ಎಲ್ಲ ಅರಣ್ಯಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲ ಇದರಲ್ಲಿ ಅಡಗಿದೆ.

ಕರ್ನಾಟಕದ ಗಡಿಗೆ ತಾಗಿದ ನೀಲಗಿರಿಯಲ್ಲಿ, ಕನ್ನಡಕ್ಕೆ ತೀರ ಸಮೀಪದ ನುಡಿಯನ್ನಾಡುವ ಬಡಗರ ನಾಡಿನಲ್ಲಿ, ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ನಡುವಣ ಕಣಿವೆಗಳಲ್ಲಿ ಇಂತಹ ಪೀಟ್ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಸಹೋದ್ಯೋಗಿಗಳೂ ಇದನ್ನು ಪರಿಶೀಲಿಸಿ, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತೇವವನ್ನು ಬಯಸುವ ಮರಗಿಡಗಳೂ ಒಣಹವೆಗೆ ಒಗ್ಗಿದ ಹುಲ್ಲುಗಳೂ ಇಂಗಾಲದ ಎರಡು ಸ್ಥಿರ ಐಸೊಟೋಪುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆ ಪ್ರಮಾಣ ಪೀಟ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಅಳೆದು, ಸುಮಾರು 20,000 ವರ್ಷಗಳ ಮುಂಗಾರಿನ ಏರಿಳಿತವನ್ನು ಅವರು ಓದಿದರು. ಹಿಮಯುಗದ ತುದಿಯಲ್ಲಿ ಒಣಹವೆಯೂ ಅನಂತರ ಮಳೆಯ ಪ್ರಾಬಲ್ಯವೂ ಇದ್ದುದು ಅಲ್ಲಿ ಕಾಣುತ್ತದೆ.

ಕಾಲುವೆ ತೋಡಿ ಇಂತಹ ನೆಲವನ್ನು ಬತ್ತಿಸಿದರೆ ನಷ್ಟವು ಇಮ್ಮಡಿ. ಗಾಳಿ ಒಳಹೊಕ್ಕು, ಸಹಸ್ರಾರು ವರ್ಷಗಳ ಠೇವಣಿ ಕೆಲವೇ ದಶಕಗಳಲ್ಲಿ ಇಂಗಾಲಾಮ್ಲವಾಗಿ ವೆಚ್ಚವಾಗುತ್ತದೆ. ಗತಕಾಲದ ದಾಖಲೆಯೂ ಅಳಿಯುತ್ತದೆ. ಒಣಗಿದ ಪೀಟ್‌ಗೆ ಬೆಂಕಿ ತಗುಲಿದರೆ ಆಗುವ ಅನರ್ಥವನ್ನು 1997ರಲ್ಲಿ ಇಂಡೋನೇಷ್ಯಾ ಕಂಡಿತು. ಗಿಡ ನೆಟ್ಟು ಈ ಸಾಲವನ್ನು ಬೇಗ ತೀರಿಸಲಾಗದು, ಏಕೆಂದರೆ ಪೀಟ್ ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ.

ಭಾರತದ 2017ರ ಜೌಗುಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ ಪೀಟ್ ನೆಲವನ್ನೂ ಹೆಸರಿಸಲಾಗಿದೆ. ಆದರೆ ಆ ನಿಯಮಗಳ ರಕ್ಷಣೆ ದೊರೆಯುವುದು ರಾಮ್ಸಾರ್ ಪಟ್ಟಿಯಲ್ಲಿರುವ ಅಥವಾ ಸರ್ಕಾರವು ಅಧಿಸೂಚಿಸಿದ ಪ್ರದೇಶಗಳಿಗೆ ಮಾತ್ರ. ಸಣ್ಣ ಕಣಿವೆಯ ಜೌಗನ್ನು ಅಳೆದು, ಗುರುತಿಸಿ, ಅಧಿಸೂಚನೆಗೆ ತರದ ಹೊರತು ವ್ಯಾಖ್ಯೆಯಲ್ಲಿನ ಆ ಒಂದು ಪದದಿಂದ ನೆಲಕ್ಕೆ ಪ್ರಯೋಜನವಿಲ್ಲ. ಹಾಗೆ ಗುರುತಿಸಿದ ಮೇಲೂ ಮಾಡಬೇಕಾದುದು ಸರಳವೇ: ನೀರನ್ನು ನಿಂತಲ್ಲಿಯೇ ನಿಲ್ಲಗೊಡುವುದು.