ಮಡಿಕೇರಿ: ರಾತ್ರಿ ಲೆಕ್ಕದ ಮನೆ, ತಿಂಗಳ ಲೆಕ್ಕದ ಸಂಬಳ

ಮಡಿಕೇರಿಯಲ್ಲಿ ಬಾಡಿಗೆಗೆ ಮನೆ ನೋಡುವವರು ಕೋಣೆ ಎಣಿಸುವ ಮೊದಲು ಮೆಟ್ಟಿಲು ಎಣಿಸಬೇಕು. ರಸ್ತೆಗೆ ಸಮವಾಗಿರುವ ಮನೆಗೆ ಒಂದು ಬಾಡಿಗೆ, ನಲವತ್ತು ಮೆಟ್ಟಿಲು ಕೆಳಗಿರುವ ಮನೆಗೆ ಇನ್ನೊಂದು. ಅಗ್ಗದ ಮನೆಗೆ ಗ್ಯಾಸ್ ಸಿಲಿಂಡರ್ ಹೆಗಲ ಮೇಲೆಯೇ ಇಳಿಯಬೇಕು. ಮಂಡಿನೋವಿನ ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಬೇಕಾದರೆ ಇಬ್ಬರು ಹಿಡಿದು ಹತ್ತಿಸಬೇಕು. ಮನೆಯ ಬೆನ್ನಿಗೇ ಗುಡ್ಡ ಕಡಿದ ಬರೆ. ಜೂನ್ ಬಂತೆಂದರೆ ಹಿಂದಿನ ಗೋಡೆ ಒಸರತೊಡಗುತ್ತದೆ, ಒಗೆದ ಬಟ್ಟೆ ದಿನಗಟ್ಟಲೆ ಒಣಗದೆ ಒಲೆಯ ಮೇಲಿನ ಹಗ್ಗ ಸೇರುತ್ತದೆ. 1681ರಲ್ಲಿ ಮುದ್ದುರಾಜ ಇಲ್ಲಿ ರಾಜಧಾನಿ ಕಟ್ಟಿದಾಗ ಈ ಏರುತಗ್ಗು ಕೋಟೆಗೆ ಕಾವಲಾಗಿತ್ತು. ಈಗ ಮನೆ ಕಟ್ಟುವ ಸಮತಟ್ಟು ಜಾಗ ಸಿಗದಂತೆ ಮಾಡಿರುವುದೂ ಅದೇ. ಹಾಗೆಂದು ಬಾಡಿಗೆಯ ಭಾರಕ್ಕೆಲ್ಲ ಗುಡ್ಡವನ್ನೇ ದೂರುವುದು ಸರಿಯಲ್ಲ. ಬಾಡಿಗೆ ಕೈಗೆಟುಕುತ್ತಿದ್ದ ಕಾಲದಲ್ಲೂ ಗುಡ್ಡ ಇಲ್ಲೇ ಇತ್ತು.

ಜನ ಹೆಚ್ಚಿದರು, ಮನೆ ಸಾಲಲಿಲ್ಲ ಎಂಬ ವಿವರಣೆಯೂ ಪೂರ್ತಿ ಒಪ್ಪುವಂಥದ್ದಲ್ಲ. 2001ರಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,48,561, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಬೆಳೆದದ್ದು ಶೇಕಡ ಒಂದರಷ್ಟು ಮಾತ್ರ. 2011ರ ಜನಗಣತಿಯಲ್ಲಿ ಮಡಿಕೇರಿ ನಗರದಲ್ಲಿದ್ದವರು ಸುಮಾರು 33 ಸಾವಿರ ಮಂದಿ. 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಬಂದದ್ದು ನಿಜ, ಅದರ ಒತ್ತಡವೂ ಇದೆ. ಆದರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ಆಗಿರುವುದು ಜನರ ಸಂಖ್ಯೆಯಲ್ಲಲ್ಲ, ಮನೆಯ ಬೆಲೆ ಕಟ್ಟುವ ರೀತಿಯಲ್ಲಿ. ಎರಡು ಕೋಣೆಯ ಮನೆಯೊಂದನ್ನು ಪ್ರವಾಸಿಗರಿಗೆ ಕೋಣೆಗೆ ರಾತ್ರಿಗೆ ಎರಡು ಸಾವಿರದಂತೆ ಕೊಟ್ಟರು ಎಂದಿಟ್ಟುಕೊಳ್ಳೋಣ. ಶನಿವಾರ, ಭಾನುವಾರ ಸೇರಿ ತಿಂಗಳಿಗೆ ಎಂಟೇ ರಾತ್ರಿ ತುಂಬಿದರೂ 32 ಸಾವಿರ ರೂಪಾಯಿ ಆಯಿತು. ಮಹದೇವಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೋ ಗುತ್ತಿಗೆ ಮೇಲಿರುವ ನರ್ಸೋ ಅಷ್ಟು ಬಾಡಿಗೆ ಎಲ್ಲಿಂದ ತರಬೇಕು? ಪ್ರವಾಸಿ ಆ ಮನೆಗೆ ಕಾಲಿಡದಿದ್ದರೂ, ಹಾಗೊಂದು ಸಾಧ್ಯತೆ ಇದೆ ಎಂಬುದೇ ಪಕ್ಕದ ಮನೆಯ ಅಡ್ವಾನ್ಸನ್ನು ಏರಿಸಲು ಸಾಕು.

ಹೋಮ್‌ಸ್ಟೇಯನ್ನು ದೂರಿದರೆ ಬೆಳೆಗಾರರ ಅನ್ನಕ್ಕೆ ಕಲ್ಲು ಹಾಕಿದಂತಲ್ಲವೇ ಎಂದು ಕೇಳುವವರಿದ್ದಾರೆ. ತೂಕವಿರುವ ಮಾತು ಇದು. ಕಾಫಿ, ಕರಿಮೆಣಸಿನ ಬೆಲೆ ಕುಸಿದ ವರ್ಷಗಳಲ್ಲಿ, ಮಳೆಗೆ ಕಾಯಿ ಉದುರಿದ ವರ್ಷಗಳಲ್ಲಿ, ಮನೆಯ ಎರಡು ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಮಕ್ಕಳನ್ನು ಓದಿಸಿದ ಕುಟುಂಬಗಳಿಗೆ ಅದು ಮರ್ಯಾದೆಯ ದುಡಿಮೆ. ಆದರೆ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು ಎಂಬುದು ಹೋಮ್‌ಸ್ಟೇ ಕಲ್ಪನೆಯ ಮೂಲ ಶರತ್ತು. ತೋಟದ ಮನೆಯಲ್ಲಿ ಅಕ್ಕಿರೊಟ್ಟಿ ಬಡಿಸುವ ಗೃಹಿಣಿಯನ್ನೂ, ಊರೊಳಗೆ ಇಡೀ ಮನೆ ಖಾಲಿ ಮಾಡಿಸಿ ಬೀಗದ ಕೈಯನ್ನು ಮೇಲ್ವಿಚಾರಕನಿಗೆ ಕೊಟ್ಟು ಬೆಂಗಳೂರಿನಲ್ಲಿರುವ ಮಾಲೀಕನನ್ನೂ ಒಂದೇ ಹೆಸರಿನಿಂದ ಕರೆದರೆ ಮೊದಲನೆಯವರಿಗೇ ಅನ್ಯಾಯ. ಊರಿನ ಮನೆಗಳ ಸಾಲಿನಿಂದ ಒಂದು ಬಾಗಿಲು ಕಡಿಮೆಯಾಗುವುದು ಎರಡನೆಯವರಿಂದ.

ಹೊಸ ಬಡಾವಣೆ ಮಾಡಿದರಾಯಿತು ಎಂಬ ವಾದಕ್ಕೆ 2018ರ ಆಗಸ್ಟ್ ಉತ್ತರ ಕೊಟ್ಟಿದೆ. ಆ ಮಳೆಗೆ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದವು. ನಗರದೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದ ಇಳಿಜಾರಿನಲ್ಲಿದ್ದ ಮನೆಗಳೂ ನೆಲಕಚ್ಚಿದವು. ಇಲ್ಲಿ ಒಂದು ನಿವೇಶನ ಸಮ ಮಾಡುವುದೆಂದರೆ ಒಂದು ಬರೆ ಕಡಿಯುವುದು, ಮಳೆನೀರು ಹರಿಯುವ ದಾರಿ ತಪ್ಪಿಸುವುದು. ಸರಿಯಾದ ತಡೆಗೋಡೆ ಕಟ್ಟಿಸುವ ಶಕ್ತಿ ಇರುವವರು ಮೇಲೆ ಕಟ್ಟಿಸುತ್ತಾರೆ, ಇಲ್ಲದವರು ಅದರ ಕೆಳಗೆ ಬದುಕುತ್ತಾರೆ. ಹಾಗಾದರೆ ಕುಶಾಲನಗರಕ್ಕೆ ಹೋಗಲಿ ಎನ್ನುತ್ತಾರೆ. ಸುಮಾರು ಮೂವತ್ತು ಕಿಲೋಮೀಟರ್ ದೂರದ ಆ ಊರಿನಲ್ಲಿ ನೆಲ ಸಮತಟ್ಟು, ಮನೆಗಳೂ ಹೆಚ್ಚು. ಆದರೆ ಕೊಡಗಿಗೆ ರೈಲಿಲ್ಲ. ಬೆಳಗ್ಗೆ ಎಂಟಕ್ಕೆ ಡ್ಯೂಟಿ ಇರುವವರು ಬಸ್ಸನ್ನೇ ನಂಬಬೇಕು, ಉಳಿಸಿದ ಬಾಡಿಗೆಯಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತದೆ. ಅಲ್ಲಿಯೂ 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಕುವೆಂಪು ಬಡಾವಣೆ, ಸಾಯಿ ಬಡಾವಣೆಯ ಮನೆಗಳಿಗೆ ನುಗ್ಗಿದ್ದಳು. ಮೇಲೆ ಬರೆ, ಕೆಳಗೆ ಹೊಳೆ. ಎರಡರ ನಡುವೆ ಸುರಕ್ಷಿತವಾಗಿ ಉಳಿದ ನೆಲ ಬಹಳ ಕಡಿಮೆ.

ಆದ್ದರಿಂದಲೇ ಈಗಾಗಲೇ ಗಟ್ಟಿ ನೆಲದ ಮೇಲೆ ನಿಂತಿರುವ ಮನೆಗಳು ಮಡಿಕೇರಿಗೆ ಅಮೂಲ್ಯ. ಸಂಪಾಜೆ ಘಾಟಿಯ ರಸ್ತೆ ಕುಸಿದು ಪ್ರವಾಸಿಗರು ಬಾರದ ವಾರಗಳಲ್ಲೂ ಆಸ್ಪತ್ರೆಯ ಬಾಗಿಲು ತೆರೆಯುವವರು, ಚರಂಡಿ ಬಿಡಿಸುವವರು, ಶುಕ್ರವಾರದ ಸಂತೆಯಲ್ಲಿ ತರಕಾರಿ ಮಾರುವವರು ಊರಿನಲ್ಲೇ ಇರಬೇಕಾಗುತ್ತದೆ. ಯಾವ ಬಾಗಿಲ ಹಿಂದೆ ಕುಟುಂಬ ವಾಸವಿದೆ, ಯಾವುದರ ಹಿಂದೆ ಇಲ್ಲ ಎಂದು ನಗರಸಭೆ ವಾರ್ಡುವಾರು ಪಟ್ಟಿ ಮಾಡಲಿ. ಮಾಲೀಕರು ವಾಸವಿಲ್ಲದ ಮನೆಗೆ ಹೋಮ್‌ಸ್ಟೇ ಹೆಸರಿನ ರಿಯಾಯಿತಿ ನಿಲ್ಲಲಿ, ವಸತಿಗೃಹದ ದರದಲ್ಲೇ ತೆರಿಗೆ ಬೀಳಲಿ. ಆ ಹಣದಿಂದ ಮೊದಲು ಕಟ್ಟಬೇಕಾದದ್ದು ನಲವತ್ತು ಮೆಟ್ಟಿಲು ಕೆಳಗಿನ ಮನೆಗಳ ಬೆನ್ನಿಗೆ ನೀರು ಹೊರಬಿಡುವ ತೂತುಗಳಿರುವ ತಡೆಗೋಡೆ, ಅದೂ ಮೇ ತಿಂಗಳು ಮುಗಿಯುವುದರೊಳಗೆ.