ಗೋಕಟ್ಟೆಯಲ್ಲಿ ನೀರೆಷ್ಟಿದೆ? ಅಂಕುಡೊಂಕಾದ ಕಟ್ಟೆಯ ನೀರನ್ನು ಅಂದಾಜಿಸುವ ಕ್ರಮ

ಬೇಸಿಗೆಯ ಪೂರ್ವಸಿದ್ಧತೆಯ ಅಂಗವಾಗಿ ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಗೋಕಟ್ಟೆ, ಕುಂಟೆ ಹಾಗೂ ಸಣ್ಣ ಕೆರೆಗಳಲ್ಲಿ ಲಭ್ಯವಿರುವ ನೀರಿನ ಪ್ರಮಾಣವನ್ನು ದಾಖಲಿಸುವುದು ವಾಡಿಕೆ. ಈ ಜಲಮೂಲಗಳು ತೊಟ್ಟಿಯಂತೆ ಚೌಕಾಕಾರವಾಗಿರುವುದಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏರಿ, ಮತ್ತೊಂದು ಕಡೆ ಜಾನುವಾರುಗಳು ಇಳಿಯುವ ಇಳಿಜಾರು ಇರುತ್ತವೆ. ಹೀಗಿದ್ದರೂ ಹೆಚ್ಚಿನ ದಾಖಲೆಗಳಲ್ಲಿ ಅತಿ ಹೆಚ್ಚಿನ ಉದ್ದ, ಅತಿ ಹೆಚ್ಚಿನ ಅಗಲ ಮತ್ತು ನಡುವಿನ ಆಳವನ್ನು ಗುಣಿಸಿದ ಅಂಕಿಯೇ ಕಂಡುಬರುತ್ತದೆ. ಈ ಅಂಕಿಯು ನಿಜವಾದ ನೀರಿನ ಎರಡರಷ್ಟು, ಮೂರರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿರಬಹುದು. ಕಾಗದದ ಮೇಲೆ ಮುಂಗಾರಿನವರೆಗೆ ಸಾಲುವ ನೀರು ಏಪ್ರಿಲ್ ತಿಂಗಳಲ್ಲೇ ಬತ್ತಿದರೆ ಅದರ ಭಾರ ಬೀಳುವುದು ದನಕರುಗಳ ಮೇಲೆ.

ಸರಿಯಾದ ಅಂದಾಜಿಗೆ ದುಬಾರಿ ಉಪಕರಣಗಳು ಬೇಕಿಲ್ಲ. ಅಳತೆ ಟೇಪು, ಹಗ್ಗ, ಕೆಲವು ಗೂಟಗಳು ಮತ್ತು ಗುರುತು ಹಾಕಿದ ಉದ್ದನೆಯ ಗಳ ಇದ್ದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.

ಅಗಲಗಳನ್ನು ಅಳೆಯುವುದು

ಮೊದಲಿಗೆ ಕಟ್ಟೆಯ ಉದ್ದಕ್ಕೆ, ನೀರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾದ ಆಧಾರರೇಖೆಯನ್ನು ಗುರುತಿಸಬೇಕು. ಆ ರೇಖೆಯನ್ನು ಸಮಾನ ಅಂತರಗಳಾಗಿ ವಿಭಾಗಿಸಿ, ಪ್ರತಿ ಬಿಂದುವಿನಲ್ಲಿ ರೇಖೆಗೆ ಲಂಬವಾಗಿ ದಡದಿಂದ ದಡಕ್ಕೆ ಹಗ್ಗ ಎಳೆದು ನೀರಿನ ಅಗಲವನ್ನು ಅಳೆಯಬೇಕು. ದಡ ಹೆಚ್ಚು ಅಂಕುಡೊಂಕಾಗಿದ್ದರೆ ಅಂತರವನ್ನು ಕಡಿಮೆ ಮಾಡಬೇಕು. ಪಕ್ಕಕ್ಕೆ ಚಾಚಿಕೊಂಡ ಭಾಗವಿದ್ದಲ್ಲಿ ಅದನ್ನು ಪ್ರತ್ಯೇಕ ಕಟ್ಟೆಯೆಂದು ಭಾವಿಸಿ ಅಳೆದು ಕೊನೆಗೆ ಕೂಡಿಸಬೇಕು.

ಆಳವನ್ನು ಅಳೆಯುವುದು

ಪ್ರತಿ ಹಗ್ಗದ ಸಾಲಿನಲ್ಲಿ ಕಾಲುಭಾಗ, ಅರ್ಧ ಮತ್ತು ಮುಕ್ಕಾಲು ಭಾಗದಲ್ಲಿ ಒಟ್ಟು ಮೂರು ಕಡೆ ಆಳವನ್ನು ಅಳೆಯಬೇಕು. ಗಳದ ತುದಿ ಮೆತ್ತನೆಯ ಹೂಳಿನೊಳಗೆ ಇಳಿದರೆ ಹೂಳೂ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇದನ್ನು ತಪ್ಪಿಸಲು ಗಳದ ಕೆಳತುದಿಗೆ ಅಂಗೈ ಅಗಲದ ಚಪ್ಪಟೆ ತಗಡು ಅಥವಾ ಹಲಗೆಯನ್ನು ಬಿಗಿಯಬೇಕು.

ಮೂರು ಆಳಗಳ ಮೊತ್ತವನ್ನು ಮೂರರಿಂದಲ್ಲ, ನಾಲ್ಕರಿಂದ ಭಾಗಿಸಬೇಕು. ಎರಡೂ ದಡಗಳಲ್ಲಿ ಆಳವು ಸೊನ್ನೆಯಾಗಿರುವುದರಿಂದ ಆ ಸಾಲಿನ ನಿಜವಾದ ಸರಾಸರಿ ಆಳ ಇದೇ ಆಗಿರುತ್ತದೆ. ಸಾಲಿನ ಅಗಲವನ್ನು ಈ ಸರಾಸರಿ ಆಳದಿಂದ ಗುಣಿಸಿದರೆ ಅಲ್ಲಿನ ಅಡ್ಡಕೊಯ್ತದ ವಿಸ್ತೀರ್ಣ ದೊರೆಯುತ್ತದೆ. ಎಲ್ಲ ಸಾಲುಗಳ ವಿಸ್ತೀರ್ಣವನ್ನು ಕೂಡಿಸಿ ಸಾಲುಗಳ ನಡುವಿನ ಅಂತರದಿಂದ ಗುಣಿಸಿದರೆ ನೀರಿನ ಘನ ಪ್ರಮಾಣ ದೊರೆಯುತ್ತದೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್.

ಉದಾಹರಣೆ

36 ಮೀಟರ್ ಉದ್ದದ ಗೋಕಟ್ಟೆಯೊಂದನ್ನು 6 ಮೀಟರ್ ಅಂತರದಲ್ಲಿ ಅಳೆಯಲಾಗಿದೆ ಎಂದು ಭಾವಿಸೋಣ. ಎರಡೂ ತುದಿಗಳಲ್ಲಿ ಅಗಲ ಸೊನ್ನೆ. ನಡುವಿನ ಐದು ಸಾಲುಗಳ ಲೆಕ್ಕ ಹೀಗಿದೆ:

ಸಾಲು 1: ಅಗಲ 14 ಮೀ.; ಆಳ 0.6, 0.9, 0.5 ಮೀ.; ಸರಾಸರಿ 0.50 ಮೀ.; ವಿಸ್ತೀರ್ಣ 7 ಚ.ಮೀ.
ಸಾಲು 2: ಅಗಲ 22 ಮೀ.; ಆಳ 1.1, 1.7, 1.2 ಮೀ.; ಸರಾಸರಿ 1.00 ಮೀ.; ವಿಸ್ತೀರ್ಣ 22 ಚ.ಮೀ.
ಸಾಲು 3: ಅಗಲ 25 ಮೀ.; ಆಳ 1.5, 2.4, 1.7 ಮೀ.; ಸರಾಸರಿ 1.40 ಮೀ.; ವಿಸ್ತೀರ್ಣ 35 ಚ.ಮೀ.
ಸಾಲು 4: ಅಗಲ 20 ಮೀ.; ಆಳ 1.2, 1.9, 1.3 ಮೀ.; ಸರಾಸರಿ 1.10 ಮೀ.; ವಿಸ್ತೀರ್ಣ 22 ಚ.ಮೀ.
ಸಾಲು 5: ಅಗಲ 12 ಮೀ.; ಆಳ 0.6, 1.0, 0.4 ಮೀ.; ಸರಾಸರಿ 0.50 ಮೀ.; ವಿಸ್ತೀರ್ಣ 6 ಚ.ಮೀ.

ವಿಸ್ತೀರ್ಣಗಳ ಮೊತ್ತ 92 ಚದರ ಮೀಟರ್. ಅದನ್ನು 6ರಿಂದ ಗುಣಿಸಿದರೆ 552 ಘನ ಮೀಟರ್, ಅಂದರೆ 5,52,000 ಲೀಟರ್. ಇದೇ ಕಟ್ಟೆಯನ್ನು ವಾಡಿಕೆಯಂತೆ 36 × 25 × 2.4 ಎಂದು ಗುಣಿಸಿದ್ದರೆ 21,60,000 ಲೀಟರ್ ಎಂದು ದಾಖಲಾಗುತ್ತಿತ್ತು. ಅದು ಇರುವ ನೀರಿನ ಸುಮಾರು ನಾಲ್ಕರಷ್ಟು.

ಉತ್ತರವನ್ನು ಪರಿಶೀಲಿಸಲು ಸುಲಭವಾದ ದಾರಿಯೊಂದಿದೆ. ಅಗಲಗಳ ಮೊತ್ತ 93 ಮೀಟರ್. ಅದನ್ನು 6ರಿಂದ ಗುಣಿಸಿದರೆ ನೀರಿನ ಮೇಲ್ಮೈ 558 ಚದರ ಮೀಟರ್. ಅದನ್ನು ಗರಿಷ್ಠ ಆಳದಿಂದ ಗುಣಿಸಿದರೆ ಸುಮಾರು 1,339 ಬರುತ್ತದೆ. ಬೋಗುಣಿಯಾಕಾರದ ಕಟ್ಟೆಯಲ್ಲಿ ನಿಜವಾದ ಪ್ರಮಾಣವು ಸಾಮಾನ್ಯವಾಗಿ ಈ ಸಂಖ್ಯೆಯ ಮೂರನೇ ಒಂದು ಭಾಗ ಮತ್ತು ಅರ್ಧದ ನಡುವೆ ಇರುತ್ತದೆ. 552 ಈ ಮಿತಿಯೊಳಗಿದೆ. ಉತ್ತರ ಇದರಿಂದ ಬಹಳ ದೂರ ಸರಿದಿದ್ದರೆ ಅಳತೆಯನ್ನು ಮತ್ತೊಮ್ಮೆ ನೋಡುವುದು ಒಳಿತು.

ಎಷ್ಟು ದಿನಗಳಿಗೆ ಸಾಕು?

ಈ ಕಟ್ಟೆಯನ್ನು 150 ದನ-ಎಮ್ಮೆಗಳು ಮತ್ತು 400 ಕುರಿ-ಮೇಕೆಗಳು ಅವಲಂಬಿಸಿವೆ ಎನ್ನೋಣ. ಬೇಸಿಗೆಯಲ್ಲಿ ದೊಡ್ಡ ಜಾನುವಾರಿಗೆ ದಿನಕ್ಕೆ 50 ಲೀಟರ್, ಕುರಿ-ಮೇಕೆಗೆ 5 ಲೀಟರ್ ಎಂದು ಹಿಡಿದರೆ ದಿನದ ಬಳಕೆ 9,500 ಲೀಟರ್. ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ 558 ಚದರ ಮೀಟರ್ ಮೇಲ್ಮೈಯಿಂದ ಸುಮಾರು 3,350 ಲೀಟರ್ ಹೋಗುತ್ತದೆ. ಒಟ್ಟು 12,850 ಲೀಟರ್. ತಳದ ಕೆಸರುನೀರಿಗೆಂದು ಹತ್ತನೇ ಒಂದು ಭಾಗವನ್ನು ಬಿಟ್ಟರೆ ಉಳಿಯುವ 4,97,000 ಲೀಟರ್ ನೀರು ಸುಮಾರು 38 ದಿನಗಳಿಗೆ ಸಾಕಾಗುತ್ತದೆ. ಮಾರ್ಚ್ 1ರಂದು ಅಳೆದ ಕಟ್ಟೆ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಬರಿದಾಗುತ್ತದೆ. ತಪ್ಪು ಲೆಕ್ಕದ 21,60,000 ಲೀಟರನ್ನು ದಿನದ ಬಳಕೆಯಿಂದಷ್ಟೇ ಭಾಗಿಸಿದ್ದರೆ ಅದೇ ನೀರು 227 ದಿನ ಬರುವಂತೆ ತೋರುತ್ತಿತ್ತು. ಕೊಳವೆಬಾವಿಯಿಂದ ಜಾನುವಾರು ತೊಟ್ಟಿಗೆ ನೀರು ಒದಗಿಸುವ ನಿರ್ಧಾರವನ್ನು ಮಾರ್ಚ್‌ನಲ್ಲೇ ಕೈಗೊಳ್ಳಬೇಕೇ ಬೇಡವೇ ಎಂಬುದು ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ನೀರು ನೆಲಕ್ಕೂ ಇಂಗುತ್ತದೆ. ಅದನ್ನು ತಿಳಿಯಲು ಕಟ್ಟೆಯ ಆಳವಾದ ಭಾಗದಲ್ಲಿ ಸೆಂಟಿಮೀಟರ್ ಗುರುತುಗಳಿರುವ ಕಂಬವನ್ನು ನೆಡಬೇಕು. ಜಾನುವಾರುಗಳು ನೀರಿಗಿಳಿಯದ, ಬಿಸಿಲಿಲ್ಲದ ರಾತ್ರಿಯ ಹೊತ್ತಿನಲ್ಲಿ ಆಗುವ ಇಳಿಕೆ ಬಹುಪಾಲು ಇಂಗುವಿಕೆಯೇ. ನೀರುಗಂಟಿಯು ಸಂಜೆ ಮತ್ತು ಬೆಳಿಗ್ಗೆ ಕಂಬವನ್ನು ನೋಡಿ ಬರೆದಿಟ್ಟರೆ ಒಂದು ವಾರದಲ್ಲಿ ಇದರ ಚಿತ್ರಣ ದೊರೆಯುತ್ತದೆ.

ಕಂಬವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಬೋಗುಣಿಯಾಕಾರದ ಕಟ್ಟೆಯಲ್ಲಿ ಆಳ ಅರ್ಧಕ್ಕೆ ಇಳಿದಾಗ ಉಳಿದಿರುವುದು ಅರ್ಧದಷ್ಟು ನೀರಲ್ಲ. ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತಲೂ ಕಡಿಮೆ. ಆದುದರಿಂದ ನೀರು ಪ್ರತಿ ಅರ್ಧ ಮೀಟರ್ ಇಳಿದಾಗ ಮರು ಅಳತೆ ಮಾಡಿ ಮಟ್ಟ ಮತ್ತು ಪ್ರಮಾಣದ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡರೆ, ಮುಂದಿನ ವರ್ಷಗಳಲ್ಲಿ ಕಂಬವನ್ನು ನೋಡಿಯೇ ನೀರಿನ ಪ್ರಮಾಣವನ್ನು ಹೇಳಬಹುದು.

ಹೂಳಿನ ಲೆಕ್ಕಕ್ಕೂ ಇದೇ ಕ್ರಮ

ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಹೂಳೆತ್ತುವ ಮೊದಲು ಮತ್ತು ನಂತರ ಅದೇ ಗೂಟಗಳ ನಡುವೆ, ಕೋಡಿಯ ಕಲ್ಲಿನಂತಹ ಸ್ಥಿರ ಗುರುತಿನ ಮಟ್ಟದಿಂದ ಆಳವನ್ನು ಅಳೆದರೆ ಎರಡರ ವ್ಯತ್ಯಾಸವೇ ತೆಗೆದ ಹೂಳಿನ ಪ್ರಮಾಣ. ಟ್ರ್ಯಾಕ್ಟರ್ ಲೋಡುಗಳನ್ನು ಎಣಿಸುವುದು ಇದಕ್ಕೆ ಸಮನಲ್ಲ. ಅಗೆದ ಮಣ್ಣು ಸಡಿಲಗೊಂಡು ಹಿಗ್ಗುವುದರಿಂದ ಲೆಕ್ಕ ಹೆಚ್ಚಾಗಿ ತೋರುತ್ತದೆ. ಕೂಲಿಯು ಅಳತೆಯನ್ನು ಆಧರಿಸಿರುವುದರಿಂದ ಕಾಯಕ ಬಂಧುಗಳ ಸಮ್ಮುಖದಲ್ಲೇ ಅಳತೆ ನಡೆಯುವುದು ಕೂಲಿಕಾರರಿಗೂ ಪಂಚಾಯಿತಿಗೂ ಹಿತಕರ.

2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯು ಕನಿಷ್ಠ ಒಂದು ಎಕರೆ ವಿಸ್ತೀರ್ಣ ಹಾಗೂ ಸುಮಾರು 10,000 ಘನ ಮೀಟರ್ ಸಾಮರ್ಥ್ಯವನ್ನು ನಿರೀಕ್ಷಿಸುತ್ತದೆ. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಆದುದರಿಂದ ಒಂದು ಎಕರೆಯ ಸರೋವರದಲ್ಲಿ ಅಷ್ಟು ನೀರು ನಿಲ್ಲಬೇಕಾದರೆ ಸುಮಾರು 2.5 ಮೀಟರ್ ಇರಬೇಕಾದುದು ಸರಾಸರಿ ಆಳ, ನಡುವಿನ ಆಳವಲ್ಲ.

ಸುರಕ್ಷತೆ

ಅಳತೆಗೆ ನೀರಿಗಿಳಿಯುವವರು ಈಜು ಬಲ್ಲವರಾಗಿರಬೇಕು, ಜೀವರಕ್ಷಕ ಜಾಕೆಟ್ ಧರಿಸಿರಬೇಕು ಮತ್ತು ದಡದಲ್ಲಿ ಕನಿಷ್ಠ ಇಬ್ಬರು ಹಗ್ಗ ಹಿಡಿದು ನಿಂತಿರಬೇಕು. ಹಳೆಯ ಮಣ್ಣುಗುಂಡಿಗಳಿರುವ ಕಟ್ಟೆಗಳಲ್ಲಿ ಆಳ ಹಠಾತ್ತನೆ ಹೆಚ್ಚುವುದುಂಟು. ಅಂತಹ ಕಡೆ ಕಟ್ಟೆ ಒಣಗಿದಾಗಲೇ ತಳದ ಅಳತೆ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಅಳತೆಯ ದಿನಾಂಕ, ಅಂದಿನ ಕಂಬದ ಮಟ್ಟ, ನೀರಿನ ಪ್ರಮಾಣ ಮತ್ತು ಅದು ಸಾಕಾಗುವ ದಿನಗಳು, ಈ ನಾಲ್ಕನ್ನೂ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಿ ಗ್ರಾಮ ಸಭೆಯ ಮುಂದೆ ಓದುವುದು ಸೂಕ್ತ. ಕಟ್ಟೆ ಯಾವ ವಾರ ಬತ್ತುವುದೆಂದು ಮುಂಚಿತವಾಗಿ ತಿಳಿದರೆ ಊರಿನವರು ತಮ್ಮ ದನಕರುಗಳಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.